ಇಳಿಯಬೇಕಿದ್ದ ಹತ್ತಿ, ಏರಿ ಬಂದ ಕಲ್ಲಿದ್ದಲು: ಘಟ್ಟದ ಎರಡು ರೈಲುದಾರಿಗಳ ಸರಕಿನ ಚರಿತ್ರೆ

ಪಶ್ಚಿಮ ಘಟ್ಟವನ್ನು ಬಯಲುಸೀಮೆಯ ಕಡೆಯಿಂದ ನೋಡಿದರೆ ಅದು ಪರ್ವತವೆಂದೇ ತೋರುವುದಿಲ್ಲ. ಧಾರವಾಡದಿಂದಲೋ ಹಾಸನದಿಂದಲೋ ಪಶ್ಚಿಮಕ್ಕೆ ಹೊರಟವನಿಗೆ ನೆಲ ಮೆಲ್ಲಗೆ ಏರುತ್ತ, ಅಲೆಯಲೆಯಾಗಿ ಬಾಗುತ್ತ, ಕಾಡು ದಟ್ಟವಾಗುತ್ತ ಹೋಗಿ, ಒಂದು ಕಡೆ ಥಟ್ಟನೆ ಕಡಿದು ಬೀಳುತ್ತದೆ. ಸಮುದ್ರದ ಕಡೆಯಿಂದ ನೋಡಿದವನಿಗೆ ಮಾತ್ರ ಅದು ಗೋಡೆ. ಒಂದು ಮಗ್ಗುಲು ಮಂದವಾಗಿಯೂ ಇನ್ನೊಂದು ಮಗ್ಗುಲು ಕಡಿದಾಗಿಯೂ ಇರುವ ಈ ಭೂರಚನೆಯೇ ಘಟ್ಟದ ಮೂಲಕ ಹಾಯುವ ಸರಕಿನ ಅರ್ಥಶಾಸ್ತ್ರವನ್ನು ಬಹುಮಟ್ಟಿಗೆ ನಿರ್ಧರಿಸಿದೆ. ಮೇಲಿನಿಂದ ಕೆಳಕ್ಕೆ ಹೋಗುವ ಭಾರಕ್ಕೆ ಭೂಮಿಯೇ ಸಹಾಯ ಮಾಡುತ್ತದೆ, ಕೆಳಗಿನಿಂದ ಮೇಲಕ್ಕೆ ಬರುವ ಪ್ರತಿಯೊಂದು ಮಣಕ್ಕೂ ಯಾರಾದರೂ ಬೆಲೆ ತೆರಲೇಬೇಕು. ಕರ್ನಾಟಕದ ಘಟ್ಟಗಳನ್ನು ದಾಟುವ ಎರಡು ರೈಲುಮಾರ್ಗಗಳ, ಎಂದರೆ 1888ರ ಕ್ಯಾಸಲ್‌ರಾಕ್–ಮರ್ಮಗೋವಾ ಮಾರ್ಗದ ಮತ್ತು 1979ರ ಹಾಸನ–ಮಂಗಳೂರು ಮಾರ್ಗದ, ಚರಿತ್ರೆಯನ್ನು ಈ ಒಂದು ಸೂತ್ರದ ಬೆಳಕಿನಲ್ಲಿ ಓದಿದಾಗ, ಎರಡನ್ನೂ ಇಳಿಯುವ ಸರಕಿನ ಭರವಸೆಯ ಮೇಲೆ ಕಟ್ಟಲಾಯಿತೆಂಬುದೂ ಆ ಭರವಸೆ ಎರಡೂ ಕಡೆ ಕೈಕೊಟ್ಟಿತೆಂಬುದೂ ಸ್ಪಷ್ಟವಾಗುತ್ತದೆ.

ರೈಲಿಗೆ ಮೊದಲು ಘಟ್ಟದ ಸಾಗಾಟವೆಲ್ಲ ಹೇರೆತ್ತುಗಳ ಬೆನ್ನಿನ ಮೇಲಿತ್ತು. ಲಂಬಾಣಿಗರ ಎತ್ತಿನ ಹಿಂಡುಗಳು ಬಯಲಿನ ಕಾಳುಕಡಿಯನ್ನು ಇಳಿಸಿ ಕರಾವಳಿಯ ಉಪ್ಪನ್ನು ಏರಿಸುತ್ತಿದ್ದವು. ಎರಡು ದಿಕ್ಕಿಗೂ ಹೇರು ಸಿಗುತ್ತಿದ್ದುದರಿಂದಲೇ ಆ ವ್ಯಾಪಾರ ಶತಮಾನಗಳ ಕಾಲ ಬಾಳಿತೆಂಬುದನ್ನು ಮರೆಯಬಾರದು. ಈ ಸಮತೋಲ ತಪ್ಪಿದ್ದು ಹತ್ತಿಯಿಂದ. ಧಾರವಾಡ ಸೀಮೆಯ ಹತ್ತಿ ಘಟ್ಟವಿಳಿದು ಕುಮಟಾ ಬಂದರಿನಿಂದ ಹಡಗೇರಿ ಮುಂಬಯಿಗೆ ಹೋಗುತ್ತಿದ್ದುದರಿಂದ, ಕುಮಟಾದಲ್ಲಿ ಒಂದು ಹತ್ತಿಗಿಡವೂ ಬೆಳೆಯದಿದ್ದರೂ, ಮುಂಬಯಿ ಪೇಟೆಯಲ್ಲಿ ಆ ತಳಿಗೆ 'ಕುಮಟಾ ಹತ್ತಿ' ಎಂಬ ಹೆಸರೇ ನಿಂತಿತು. 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಿಂದಾಗಿ ಮ್ಯಾಂಚೆಸ್ಟರಿನ ಗಿರಣಿಗಳಿಗೆ ಅಲ್ಲಿನ ಹತ್ತಿ ನಿಂತುಹೋದಾಗ, ಮ್ಯಾಂಚೆಸ್ಟರಿನ ವರ್ತಕರ ಕಣ್ಣು ಧಾರವಾಡದ ಎರೆಭೂಮಿಯ ಮೇಲೂ ಅದಕ್ಕೆ ಹತ್ತಿರದ ಕಾರವಾರದ ಕೊಲ್ಲಿಯ ಮೇಲೂ ಬಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸು ಪ್ರಾಂತದಿಂದ ತೆಗೆದು ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ ಈ ಹತ್ತಿಯ ಒತ್ತಾಯವೇ ಇತ್ತು. ಅರಬೈಲು ಮತ್ತು ಕೈಗಾ ಘಟ್ಟಗಳಲ್ಲಿ ಗಾಡಿರಸ್ತೆಗಳಾದವು, ಕಾರವಾರದಿಂದ ಹುಬ್ಬಳ್ಳಿಗೆ ರೈಲು ಹಾಕುವ ಯೋಜನೆಗಳು ಒಂದರ ಮೇಲೊಂದು ಬಂದವು. ಆದರೆ ಯುದ್ಧ ಮುಗಿದು ಅಮೆರಿಕದ ಹತ್ತಿ ಮರಳಿದೊಡನೆ ಆ ಉತ್ಸಾಹವೂ ಇಳಿಯಿತು. ಜಿಲ್ಲೆಯೊಂದರ ಆಡಳಿತವನ್ನೇ ಪ್ರಾಂತದಿಂದ ಪ್ರಾಂತಕ್ಕೆ ಕದಲಿಸಿದ ಹತ್ತಿಗೆ ಒಂದು ಹಳಿಯನ್ನು ಹಾಕಿಸುವಷ್ಟು ಬಾಳಿಕೆ ಇರಲಿಲ್ಲ.

ಯೋಜನೆಗೆ ಮತ್ತೆ ಜೀವ ಬಂದದ್ದು ಎರಡು ಬೇರೆಬೇರೆ ಕಾರಣಗಳಿಂದ. ಮೊದಲನೆಯದು 1876–78ರ ಮಹಾಕ್ಷಾಮ. ಮದರಾಸಿನಿಂದ ಹೊರಟ ಬ್ರಾಡ್‌ಗೇಜ್ ಹಳಿ 1870ರ ದಶಕದ ಆರಂಭಕ್ಕೇ ಬಳ್ಳಾರಿಯನ್ನು ಮುಟ್ಟಿತ್ತಾದರೂ, ಅಲ್ಲಿಂದ ಪಶ್ಚಿಮಕ್ಕೆ, ಅಂದರೆ ಗದಗ, ಧಾರವಾಡ, ಕಲಾದಗಿ, ವಿಜಾಪುರಗಳ ಕಡೆಗೆ, ಧಾನ್ಯ ಸಾಗಿಸಲು ಎತ್ತಿನ ಗಾಡಿಯ ಹೊರತು ಬೇರೆ ಸಾಧನವಿರಲಿಲ್ಲ. ಮೇವು ನೀರು ಇಲ್ಲದೆ ಎತ್ತುಗಳೇ ಸಾಯುತ್ತಿದ್ದ ಕಾಲದಲ್ಲಿ ಆ ಸಾಧನವೂ ಕುಸಿದಿತ್ತು. ಈ ಅನುಭವದ ಬಳಿಕ, ಕ್ಷಾಮ ಬಂದಾಗ ಧಾನ್ಯ ಒಯ್ಯುವುದೇ ಮುಖ್ಯ ಉದ್ದೇಶವೆಂದು ಸಾರಿ ಕಟ್ಟಿದ ಮಾರ್ಗಗಳ ಸಾಲಿಗೆ 1882ರಲ್ಲಿ ಸ್ಥಾಪಿತವಾದ ಸದರ್ನ್ ಮರಾಠಾ ರೈಲ್ವೆ ಕಂಪನಿಯ ಮಾರ್ಗಗಳು ಸೇರಿದವು. ಖರ್ಚು ತಗ್ಗಿಸಲು ಅವಕ್ಕೆ ಮೀಟರ್‌ಗೇಜನ್ನು, ಎಂದರೆ ಎರಡು ಹಳಿಗಳ ನಡುವೆ ಒಂದೇ ಮೀಟರ್ ಅಂತರವಿರುವ ಕಿರಿದಾದ ಪಥವನ್ನು, ಆರಿಸಲಾಯಿತು.

ಎರಡನೆಯ ಕಾರಣ ರಾಜತಾಂತ್ರಿಕವಾದುದು. ಬ್ರಿಟನ್ ಮತ್ತು ಪೋರ್ಚುಗಲ್ ದೇಶಗಳು 1878ರ ಡಿಸೆಂಬರ್ 26ರಂದು ಲಿಸ್ಬನ್ನಿನಲ್ಲಿ ಮಾಡಿಕೊಂಡ ಒಪ್ಪಂದದ ಪ್ರಕಾರ ಬ್ರಿಟಿಷ್ ಇಂಡಿಯಾ ಮತ್ತು ಪೋರ್ಚುಗೀಸ್ ಇಂಡಿಯಾಗಳ ನಡುವಿನ ಸುಂಕದ ಗೋಡೆ ಹನ್ನೆರಡು ವರ್ಷಗಳ ಮಟ್ಟಿಗೆ ಬಿದ್ದುಹೋಯಿತು, ಗೋವಾದ ಉಪ್ಪಿನ ತಯಾರಿಕೆಯ ನಿಯಂತ್ರಣ ಬ್ರಿಟಿಷರ ಕೈಗೆ ಬಂತು, ಅದಕ್ಕೆ ಪ್ರತಿಯಾಗಿ ಗೋವಾ ಸರ್ಕಾರಕ್ಕೆ ವರ್ಷಕ್ಕೆ ನಾಲ್ಕು ಲಕ್ಷ ರೂಪಾಯಿ ಸಲ್ಲುವಂತಾಯಿತು, ಮತ್ತು ಮರ್ಮಗೋವಾ ಬಂದರಿನಿಂದ ಘಟ್ಟದ ಮೇಲಣ ಗಡಿಯವರೆಗೆ ರೈಲು ಕಟ್ಟುವುದು ನಿಶ್ಚಯವಾಯಿತು. ಘಟ್ಟದ ಕೆಳಗಿನ ಭಾಗವನ್ನು ಕಟ್ಟಲು ಲಂಡನ್ನಿನಲ್ಲಿ ವೆಸ್ಟ್ ಆಫ್ ಇಂಡಿಯಾ ಪೋರ್ಚುಗೀಸ್ ರೈಲ್ವೆ ಕಂಪನಿ ಹುಟ್ಟಿಕೊಂಡಿತು. ಬಂಡವಾಳ ಇಂಗ್ಲಿಷರದು, ಅದರ ಬಡ್ಡಿಗೆ ಖಾತರಿ ಪೋರ್ಚುಗೀಸ್ ಸರ್ಕಾರದ್ದು. ಲಾಭವಾದರೂ ನಷ್ಟವಾದರೂ ಷೇರುದಾರನಿಗೆ ನಿಗದಿತ ಬಡ್ಡಿ ತಪ್ಪದೆ ಸಲ್ಲುವ ಈ ಖಾತರಿ ಪದ್ಧತಿಯ ಹೊರೆಯನ್ನು ಕೊನೆಗೆ ಹೊತ್ತದ್ದು ಗೋವಾದ ಖಜಾನೆಯೇ. ಕಾರವಾರ ಹೀಗೆ ಕೈಬಿಟ್ಟುಹೋಯಿತು. ಬ್ರಿಟಿಷ್ ಸರ್ಕಾರ ತನ್ನದೇ ಜಿಲ್ಲೆಯ ಸಹಜ ಕೊಲ್ಲಿಯನ್ನು ಬದಿಗಿರಿಸಿ ಪರರಾಜ್ಯದ ಬಂದರಿಗೆ ಹಳಿ ಹಾಕಲು ಒಪ್ಪಿದ ಈ ತೀರ್ಮಾನಕ್ಕೆ ಉತ್ತರ ಕನ್ನಡ ತೆತ್ತ ಬೆಲೆಯನ್ನು ಯಾರೂ ಲೆಕ್ಕ ಹಾಕಿದಂತಿಲ್ಲ.

ಮರ್ಮಗೋವಾದಿಂದ ಸಾಂವರ್ಡೆಯವರೆಗಿನ ಭಾಗ 1887ರಲ್ಲಿಯೂ ಘಟ್ಟದ ಭಾಗ 1888ರಲ್ಲಿಯೂ ತೆರೆಯಿತು. ಘಟ್ಟದ ತಲೆಯ ಮೇಲಿನ ಕ್ಯಾಸಲ್‌ರಾಕಿನಿಂದ ಬುಡದ ಕುಳೆಯವರೆಗೆ ಸುಮಾರು 26 ಕಿಲೋಮೀಟರ್ ಉದ್ದದ ಈ ತುಂಡಿಗೆ ಪೋರ್ಚುಗೀಸ್ ರಾಜಮನೆತನದ ಹೆಸರಿನಿಂದ ಬ್ರಗಾಂಜಾ ಘಾಟ್ ಎನ್ನುತ್ತಾರೆ. ಇಲ್ಲಿನ ಅತಿ ಕಡಿದಾದ ಏರಿನ ಪ್ರಮಾಣ 37ಕ್ಕೆ 1, ಅಂದರೆ ಹಳಿಯ ಮೇಲೆ 37 ಮೀಟರ್ ಮುಂದೆ ಹೋದರೆ ಗಾಡಿ 1 ಮೀಟರ್ ಏರಿರುತ್ತದೆ. ರಸ್ತೆಯ ಲೆಕ್ಕದಲ್ಲಿ ಇದು ಏರೇ ಅಲ್ಲ, ಬೈಸಿಕಲ್ ಕೂಡ ಹತ್ತಬಲ್ಲದು. ಆದರೆ ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಉರುಳುವಲ್ಲಿ ಘರ್ಷಣೆ ತೀರ ಕಡಿಮೆ. ಸಮತಟ್ಟಿನಲ್ಲಿ ವರವಾದ ಆ ಗುಣವೇ ಏರಿನಲ್ಲಿ ಶಾಪವಾಗುತ್ತದೆ. 1,000 ಟನ್ ತೂಕದ ಗೂಡ್ಸ್ ಗಾಡಿಯನ್ನು ಈ ಏರಿನಲ್ಲಿ ಎಳೆಯಬೇಕಾದರೆ, ಸಮತಟ್ಟಿನಲ್ಲಿ ಬೇಕಾಗುವ ಎಳೆತದ ಮೇಲೆ 27 ಟನ್ನಿನಷ್ಟು ಹೆಚ್ಚಿನ ಎಳೆತ ಬೇಕು. ಇಂಜಿನ್ನಿನ ಗಾಲಿ ಹಳಿಯ ಮೇಲೆ ಕಚ್ಚದೆ ಜಾರಿ ಸುಮ್ಮನೆ ತಿರುಗತೊಡಗಿದರೆ ಕಥೆ ಮುಗಿಯಿತು. ಅದಕ್ಕೆಂದೇ ಗಾಲಿಯ ಮುಂದೆ ಹಳಿಗೆ ಮರಳು ಉದುರಿಸುವ ವ್ಯವಸ್ಥೆ ಆವಿಯ ಕಾಲದಿಂದ ಇಂದಿನವರೆಗೂ ಉಳಿದುಬಂದಿದೆ.

ಮುಂದೆ ಹೆಚ್ಚು ಇಂಜಿನ್ ಕಟ್ಟಿದರಾಯಿತಲ್ಲ ಎಂದರೆ ಅದೂ ಸಾಲದು. ಇಡೀ ಗಾಡಿಯ ಭಾರವನ್ನೆಲ್ಲ ಮೊದಲ ವ್ಯಾಗನ್ನಿನ ಕೊಂಡಿಯೇ ತಡೆದುಕೊಳ್ಳಬೇಕಾಗುವುದರಿಂದ, ಒಂದು ಮಿತಿಯಾಚೆ ಕೊಂಡಿಯೇ ಮುರಿದು, ಹಿಂದಿನ ವ್ಯಾಗನ್‌ಗಳು ಇಳಿಜಾರಿನಲ್ಲಿ ಹಿಂದಕ್ಕೆ ಉರುಳುವ ಅಪಾಯವಿದೆ. ಆದ್ದರಿಂದ ಘಟ್ಟದಲ್ಲಿ ಗಾಡಿಯನ್ನು ಮುಂದಿನಿಂದ ಎಳೆಯುವುದರ ಜೊತೆಗೆ ಹಿಂದಿನಿಂದ ತಳ್ಳುವ ಇಂಜಿನ್‌ಗಳೂ ಇರುತ್ತವೆ. ರೈಲ್ವೆಯವರು ಇವನ್ನು ಬ್ಯಾಂಕರ್ ಎಂದು ಕರೆಯುತ್ತಾರೆ. ಈ ಬ್ಯಾಂಕರ್‌ಗಳ ಬದುಕೆಲ್ಲ ಬುಡ ಮತ್ತು ತಲೆಗಳ ನಡುವೆಯೇ ಕಳೆಯುತ್ತದೆ. ಗಾಡಿಯನ್ನು ಮೇಲೆ ಮುಟ್ಟಿಸಿ, ಕಳಚಿಕೊಂಡು, ಇನ್ನೊಂದಕ್ಕಾಗಿ ಕೆಳಗಿಳಿಯುವುದೇ ಅವುಗಳ ಕೆಲಸ. ಅವು ಒಂಟಿಯಾಗಿ ಇಳಿಯುವಾಗಲೂ ಆ ಒಂಟಿ ಹಳಿಯನ್ನು ಆಕ್ರಮಿಸುವುದರಿಂದ, ಏರುವ ಸರಕು ಹೆಚ್ಚಿದಷ್ಟೂ ಸರಕಿಲ್ಲದ ಓಡಾಟವೂ ಹೆಚ್ಚುತ್ತದೆ.

ಇಳಿಯುವುದಕ್ಕೆ ಶಕ್ತಿ ಬೇಡವಾದರೂ ಜೀವಭಯ ಹೆಚ್ಚು. ಬ್ರೇಕು ಹಿಡಿಯದೆ ಓಟ ಹಿಡಿದ ಗಾಡಿಯನ್ನು ತಡೆಯಲು ಘಟ್ಟದ ದಾರಿಯಲ್ಲಿ ಕ್ಯಾಚ್ ಸೈಡಿಂಗ್‌ಗಳೆಂಬ ಕವಲುಹಳಿಗಳನ್ನು ಹಾಕಿರುತ್ತಾರೆ. ಮುಖ್ಯಹಳಿಯಿಂದ ಸೀಳಿ ಗುಡ್ಡದ ಕಡೆಗೆ ಏರುವ ಈ ಕವಲಿಗೆ ದಾರಿ ಸದಾ ತೆರೆದೇ ಇರುತ್ತದೆ, ಇಳಿದು ಬಂದ ಗಾಡಿ ಅಲ್ಲಿ ಪೂರ್ತಿ ನಿಂತು ತಾನು ಹತೋಟಿಯಲ್ಲಿದ್ದೇನೆಂದು ತೋರಿಸಿದ ಮೇಲಷ್ಟೇ ಮುಖ್ಯಹಳಿ ಕೂಡಿಕೊಳ್ಳುತ್ತದೆ. ಗಾಡಿ ಬಿಡುವ ಮುನ್ನ ಕ್ಯಾಸಲ್‌ರಾಕಿನಲ್ಲಿ ಬ್ರೇಕುಗಳ ಪರೀಕ್ಷೆ, ದಾರಿಯಲ್ಲಿ ಕಾರಂಜೋಳ, ದೂಧಸಾಗರ, ಸೋನಾಳಿಗಳಂಥ ಸಣ್ಣ ನಿಲ್ದಾಣಗಳಲ್ಲಿ ಎದುರು ಗಾಡಿಗಾಗಿ ಕಾಯುವಿಕೆ, ಮಳೆಗಾಲದಲ್ಲಿ ಹಳಿಯ ಮೇಲೆ ಕುಸಿಯುವ ಗುಡ್ಡ, ಇವೆಲ್ಲ ಸೇರಿ 26 ಕಿಲೋಮೀಟರಿನ ಈ ತುಂಡು ಇಡೀ ಮಾರ್ಗದ ಸಾಮರ್ಥ್ಯವನ್ನು ಅಳೆಯುವ ಇಕ್ಕಟ್ಟಾದ ಕುತ್ತಿಗೆಯಾಯಿತು. ಜಲಪಾತದ ಮುಂದಿನ ಸೇತುವೆಯ ಮೇಲೆ ಹಾಯುವ ಗಾಡಿಯ ಚಿತ್ರವನ್ನು ಮೆಚ್ಚುವವರು, ಆ ಗಾಡಿ ಅಷ್ಟು ನಿಧಾನವಾಗಿ ಹೋಗುವುದು ಪ್ರಯಾಣಿಕರಿಗೆ ದೃಶ್ಯ ತೋರಿಸುವುದಕ್ಕಲ್ಲವೆಂಬುದನ್ನು ನೆನೆಯುವುದು ಕಡಿಮೆ.

ಇಷ್ಟೆಲ್ಲ ಶ್ರಮಪಟ್ಟು ಕಟ್ಟಿದ ದಾರಿಗೆ ನಿರೀಕ್ಷಿಸಿದಷ್ಟು ಹತ್ತಿ ಬರಲೇ ಇಲ್ಲ. ಸದರ್ನ್ ಮರಾಠಾ ರೈಲ್ವೆ ತನ್ನ ಇನ್ನೊಂದು ಹಳಿಯನ್ನು ಲೋಂಡಾದಿಂದ ಬೆಳಗಾವಿ, ಮೀರಜ್ ಮಾರ್ಗವಾಗಿ ಪುಣೆಗೆ ಒಯ್ದು 1890ರ ಹೊತ್ತಿಗೆ ಮುಗಿಸಿತು. ಉತ್ತರಕ್ಕೆ ಗದಗದಿಂದ ಹೊಟಗಿಯವರೆಗಿನ ಹಳಿ ಅದಕ್ಕೂ ಮೊದಲೇ ಸಿದ್ಧವಾಗಿತ್ತು. ಪುಣೆಯಲ್ಲಾಗಲಿ ಹೊಟಗಿಯಲ್ಲಾಗಲಿ ಮೀಟರ್‌ಗೇಜಿನ ವ್ಯಾಗನ್ನಿನಿಂದ ಬ್ರಾಡ್‌ಗೇಜಿನ ವ್ಯಾಗನ್ನಿಗೆ ಮೂಟೆ ಮೂಟೆಯಾಗಿ ಸರಕನ್ನು ಹಮಾಲರು ವರ್ಗಾಯಿಸಬೇಕಿತ್ತು, ದೂರವೂ ಹೆಚ್ಚು. ಮರ್ಮಗೋವಾಕ್ಕಾದರೋ ಒಂದೇ ಗೇಜಿನಲ್ಲಿ, ಹತ್ತಿರದ ದಾರಿಯಲ್ಲಿ, ಇಳಿಜಾರಿನಲ್ಲಿ ಹೋಗಬಹುದಿತ್ತು. ಆದರೂ ಹತ್ತಿ ಮುಂಬಯಿಗೇ ಹೋಯಿತು, ಏಕೆಂದರೆ ಅದನ್ನು ಕೊಳ್ಳುವ ಸಾಹುಕಾರ, ಸಾಲ ಕೊಡುವ ಬ್ಯಾಂಕು, ನೂಲುವ ಗಿರಣಿ, ಕಾದಿರುವ ಹಡಗು ಎಲ್ಲವೂ ಇದ್ದದ್ದು ಮುಂಬಯಿಯಲ್ಲಿ. ಸರಕು ನೀರಿನಂತೆ ತಗ್ಗಿನ ಕಡೆಗೆ ಹರಿಯುತ್ತದೆಂದು ಎಣಿಸಿದವರು ಅದು ಪೇಟೆಯ ಕಡೆಗೆ ಹರಿಯುತ್ತದೆಂಬುದನ್ನು ಗಮನಿಸಲಿಲ್ಲ. 1892ರ ಜನವರಿಯಲ್ಲಿ ಒಪ್ಪಂದದ ಅವಧಿ ಮುಗಿದಾಗ ಅದನ್ನು ನವೀಕರಿಸದೆ ಬಿಟ್ಟದ್ದರಿಂದ ಸುಂಕದ ಗೋಡೆ ಮತ್ತೆ ಎದ್ದಿತು, ಕ್ಯಾಸಲ್‌ರಾಕಿನಲ್ಲಿ ಬ್ರಿಟಿಷರೂ ಕುಳೆಯಲ್ಲಿ ಪೋರ್ಚುಗೀಸರೂ ಪೆಟ್ಟಿಗೆ ಬಿಚ್ಚಿ ನೋಡತೊಡಗಿದರು, ನಷ್ಟದಲ್ಲಿ ನಡೆಯುತ್ತಿದ್ದ ಗೋವಾ ಭಾಗದ ಓಡಾಟವನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸದರ್ನ್ ಮರಾಠಾ ರೈಲ್ವೆಯೇ ವಹಿಸಿಕೊಳ್ಳಬೇಕಾಯಿತು. ಆ ಕಂಪನಿ 1908ರಲ್ಲಿ ಮದರಾಸು ರೈಲ್ವೆಯೊಡನೆ ಕೂಡಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆಯಾಯಿತು.

ದಾರಿಗೆ ತಕ್ಕ ಸರಕು ದೊರೆತದ್ದು ಆಮೇಲೆ, ಯಾರೂ ಯೋಚಿಸದಿದ್ದ ಮೂಲೆಯಿಂದ. ಸಂಡೂರಿನ ಬೆಟ್ಟಗಳ ಮ್ಯಾಂಗನೀಸ್ ಅದಿರು ಹೊಸಪೇಟೆಯಲ್ಲಿ ರೈಲೇರಿ ಘಟ್ಟವಿಳಿದು ಮರ್ಮಗೋವಾದಿಂದ ಯುರೋಪಿಗೆ ಹೋಗತೊಡಗಿತು. ಹತ್ತಿಯಂತೆ ಅದಿರಿಗೆ ಪೇಟೆಯ ಹಂಗಿಲ್ಲ. ಅದಕ್ಕೆ ಬೇಕಾದುದು ಹತ್ತಿರದ ಹಡಗುಕಟ್ಟೆ ಮತ್ತು ಕಡಿಮೆ ದರ, ಅಷ್ಟೇ. ಭಾರವಾಗಿ, ಅಗ್ಗವಾಗಿ, ಕೆಡದೆ, ಅವಸರವಿಲ್ಲದೆ ಇಳಿಯುವ ಸರಕು ಘಟ್ಟದ ರೈಲಿಗೆ ಹೇಳಿ ಮಾಡಿಸಿದಂತಿತ್ತು. ಈ ಸುಸ್ಥಿತಿಯನ್ನು ಕೆಡಿಸಿದ್ದು ಮತ್ತೆ ರಾಜಕಾರಣವೇ. 1955ರಲ್ಲಿ ಭಾರತ ಸರ್ಕಾರ ಗೋವಾದ ಮೇಲೆ ಆರ್ಥಿಕ ದಿಗ್ಬಂಧನ ವಿಧಿಸಿದಾಗ ಗಡಿಯ ರೈಲು ಸಂಚಾರ ನಿಂತುಹೋಗಿ, 1961ರ ಡಿಸೆಂಬರಿನಲ್ಲಿ ಗೋವಾ ವಿಮೋಚನೆಯಾಗುವವರೆಗೆ ಕ್ಯಾಸಲ್‌ರಾಕ್ ದಾರಿಯ ಕೊನೆಯ ನಿಲ್ದಾಣವಾಗಿ ಉಳಿಯಿತು.

1960ರ ದಶಕದಲ್ಲಿ ದಕ್ಷಿಣದ ಘಟ್ಟದಲ್ಲಿ ಇನ್ನೊಂದು ದಾರಿಯ ಕೆಲಸಕ್ಕೆ ಕೈಹಾಕಲಾಯಿತು. ಪಣಂಬೂರಿನಲ್ಲಿ ಕಟ್ಟುತ್ತಿದ್ದ ನವ ಮಂಗಳೂರು ಬಂದರಿಗೆ ಹಿನ್ನಾಡಿನ ಸಂಪರ್ಕ ಬೇಕಿತ್ತು. ಬಂದರು 1974ರಲ್ಲಿ ಪ್ರಮುಖ ಬಂದರೆಂದು ಘೋಷಿತವಾದರೂ, ಹಾಸನದಿಂದ ಮಂಗಳೂರಿಗೆ 189 ಕಿಲೋಮೀಟರ್ ಉದ್ದದ ಮೀಟರ್‌ಗೇಜ್ ಮಾರ್ಗ ಪೂರ್ಣವಾದದ್ದು 1979ರಲ್ಲಿ. ಸಮುದ್ರಮಟ್ಟಕ್ಕಿಂತ 900 ಮೀಟರಿನಷ್ಟು ಎತ್ತರದ ಸಕಲೇಶಪುರದಿಂದ ಘಟ್ಟದ ಬುಡದ ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗಿನ 55 ಕಿಲೋಮೀಟರಿನಲ್ಲಿ 57 ಸುರಂಗಗಳಿವೆ. ಬ್ರಗಾಂಜಾ ಘಾಟಿನ ಪಾಠ ಕಲಿತ ಎಂಜಿನಿಯರುಗಳು ಇಲ್ಲಿ ಏರನ್ನು 50ಕ್ಕೆ 1ರಷ್ಟು ಮಂದಗೊಳಿಸಿದರು. ಏರು ಮಂದವಾದಷ್ಟೂ ದಾರಿ ಉದ್ದವಾಗುತ್ತದೆ, ಉದ್ದವಾದಷ್ಟೂ ಹೆಚ್ಚು ಕಣಿವೆಗಳನ್ನು ಸೇತುವೆಯಿಂದಲೂ ಹೆಚ್ಚು ಗುಡ್ಡಗಳನ್ನು ಸುರಂಗದಿಂದಲೂ ದಾಟಬೇಕಾಗುತ್ತದೆ. ಘಟ್ಟದಲ್ಲಿ ಉಳಿತಾಯವೆಂಬುದಿಲ್ಲ, ಖರ್ಚನ್ನು ಕಟ್ಟುವ ದಿನವೇ ಮಾಡಬೇಕೋ ಓಡಿಸುವ ದಿನಗಳಲ್ಲಿ ಕಂತುಕಂತಾಗಿ ಮಾಡಬೇಕೋ ಎಂಬ ಆಯ್ಕೆಯಷ್ಟೇ ಇದೆ. ದೋಣಿಗಲ್, ಕಡಗರವಳ್ಳಿ, ಎಡಕುಮೇರಿ, ಸಿರಿಬಾಗಿಲು ಎಂಬ ನಡುವಿನ ನಿಲ್ದಾಣಗಳಲ್ಲಿ ಕೆಲವಕ್ಕೆ ರೈಲಿನ ಹೊರತು ಬೇರೆ ನೆಟ್ಟಗಿನ ದಾರಿಯೇ ಇರಲಿಲ್ಲ.

ವಿಪರ್ಯಾಸವೆಂದರೆ ಈ ದಾರಿ ಸಿದ್ಧವಾದ ಮರುವರ್ಷಗಳಲ್ಲೇ ಮಂಗಳೂರಿನ ಅತಿ ದೊಡ್ಡ ಸರಕು ರೈಲನ್ನು ಬಿಟ್ಟು ಬೇರೆ ದಾರಿ ಹಿಡಿಯಿತು. ಕುದುರೆಮುಖದ ಕಬ್ಬಿಣದ ಅದಿರನ್ನು ಗಣಿಯ ಬಳಿಯೇ ನುಣ್ಣಗೆ ಅರೆದು, ನೀರಿನೊಡನೆ ಕಲಸಿ, ಸುಮಾರು 67 ಕಿಲೋಮೀಟರ್ ಉದ್ದದ ಕೊಳವೆಯ ಮೂಲಕ ಪಣಂಬೂರಿಗೆ ಹರಿಯಬಿಡಲಾಯಿತು. ಘಟ್ಟದ ಇಳಿಜಾರನ್ನು ಇದಕ್ಕಿಂತ ಚೆನ್ನಾಗಿ ಬಳಸಿಕೊಂಡ ಸಾಗಾಟ ಕರ್ನಾಟಕದಲ್ಲಿ ಇನ್ನೊಂದಿಲ್ಲ. ಆದರೆ ಗಣಿಯಿದ್ದದ್ದು ಮಳೆಕಾಡಿನ ಒಡಲಲ್ಲಿ, ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಅದು ಮುಚ್ಚಿತು. ಏರುವ ಸರಕೂ ಹೀಗೆಯೇ ಕೊಳವೆಯ ಪಾಲಾಯಿತು. ಮಂಗಳೂರಿನ ಸಂಸ್ಕರಣಾಗಾರದ ಪೆಟ್ರೋಲು ಡೀಸೆಲುಗಳನ್ನು ಹಾಸನದ ಮೂಲಕ ಬೆಂಗಳೂರಿಗೆ ಒಯ್ಯುವ ಕೊಳವೆ 2003ರಲ್ಲಿ ಕೆಲಸ ಆರಂಭಿಸಿದಾಗ, ರೈಲಿಗೆ ದಕ್ಕಬಹುದಾಗಿದ್ದ ಅತ್ಯುತ್ತಮ ಸರಕೂ ನೆಲದಡಿಯಲ್ಲಿ ಘಟ್ಟ ಹತ್ತಿತು. ಆ ಹೊತ್ತಿಗೆ ರೈಲುದಾರಿಯಾದರೋ ಗೇಜ್ ಬದಲಾವಣೆಗಾಗಿ 1990ರ ದಶಕದ ನಡುವಿನಿಂದಲೇ ಮುಚ್ಚಿಕೊಂಡು ಕುಳಿತಿತ್ತು.

ಅದನ್ನು ಮತ್ತೆ ತೆರೆಸಿದ್ದು ಬಳ್ಳಾರಿ–ಹೊಸಪೇಟೆಯ ಕಬ್ಬಿಣದ ಅದಿರು. ಚೀನಾದ ಉಕ್ಕಿನ ಕಾರ್ಖಾನೆಗಳ ಹಸಿವು ಹೆಚ್ಚಿ ಅದಿರಿನ ಬೆಲೆ ಏರುತ್ತಿದ್ದ ಕಾಲದಲ್ಲಿ, 2003ರಲ್ಲಿ, ರೈಲ್ವೆ ಮತ್ತು ಕರ್ನಾಟಕ ಸರ್ಕಾರಗಳ ಪಾಲುದಾರಿಕೆಯಲ್ಲಿ ಹಾಸನ–ಮಂಗಳೂರು ರೈಲು ಅಭಿವೃದ್ಧಿ ಕಂಪನಿ ಸ್ಥಾಪಿತವಾಗಿ, ಬಂದರಿನವರೂ ಅದಕ್ಕೆ ಹಣ ಹೂಡಿದರು. ಬ್ರಾಡ್‌ಗೇಜ್ ಆದ ಹಳಿಯ ಮೇಲೆ 2006ರಲ್ಲಿ ಗೂಡ್ಸ್ ಗಾಡಿಗಳು ಓಡಿದವು. ಜನರನ್ನು ಒಯ್ಯುವ ಗಾಡಿಗೆ 2007ರ ಡಿಸೆಂಬರ್‌ವರೆಗೆ ಕಾಯಬೇಕಾಯಿತು. ಕಲ್ಲಿಗೆ ಮೊದಲು, ಮನುಷ್ಯರಿಗೆ ಆಮೇಲೆ ಎಂಬ ಈ ಅನುಕ್ರಮದಲ್ಲಿ ಘಟ್ಟದ ರೈಲಿನ ಇಡೀ ಚರಿತ್ರೆ ಅಡಗಿದೆ. ರೈಲಿನ ಸಾಮರ್ಥ್ಯ ಸಾಲದೆ ಉಳಿದ ಅದಿರು ಲಾರಿಗಳಲ್ಲಿ ಶಿರಾಡಿ, ಅರಬೈಲು ಘಟ್ಟಗಳನ್ನು ಇಳಿದು ರಸ್ತೆಗಳನ್ನು ಹಾಳುಗೆಡವಿದ್ದು ಕನ್ನಡ ಓದುಗರ ನೆನಪಿನಲ್ಲಿ ಇನ್ನೂ ಹಸಿಯಾಗಿದೆ. 2010ರ ಜುಲೈಯಲ್ಲಿ ರಾಜ್ಯ ಸರ್ಕಾರ ಅದಿರಿನ ರಫ್ತನ್ನು ನಿಷೇಧಿಸಿತು, 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಹತ್ತಿಗಾಗಿ ಕಟ್ಟಿದ ಉತ್ತರದ ದಾರಿಗೆ ಹತ್ತಿ ಬಾರದಿದ್ದಂತೆ, ಅದಿರಿಗಾಗಿ ಅಗಲಿಸಿದ ದಕ್ಷಿಣದ ದಾರಿಗೆ ನಾಲ್ಕೈದು ವರ್ಷಗಳಲ್ಲೇ ಅದಿರು ತಪ್ಪಿತು.

ಇದೇ ಅವಧಿಯಲ್ಲಿ ಉತ್ತರದ ಘಟ್ಟದಲ್ಲಿ ಸರಕಿನ ದಿಕ್ಕೇ ತಿರುಗಿತ್ತು. ಅದಿರು ಇನ್ನು ಘಟ್ಟವಿಳಿಯಬೇಕಿರಲಿಲ್ಲ, ಅದನ್ನು ಕರಗಿಸುವ ದೊಡ್ಡ ಉಕ್ಕಿನ ಕಾರ್ಖಾನೆ ಬಳ್ಳಾರಿ ಬಳಿಯ ತೋರಣಗಲ್ಲಿನಲ್ಲೇ ಎದ್ದಿತ್ತು. ಆದರೆ ಉಕ್ಕಿನ ಕುಲುಮೆಗೆ ಅದಿರಿನಷ್ಟೇ ಅಗತ್ಯವಾದ ಕೋಕಿಂಗ್ ಕಲ್ಲಿದ್ದಲು, ಎಂದರೆ ಗಾಳಿ ತಗುಲದಂತೆ ಕಾಸಿ ಗಟ್ಟಿಯಾದ ಕೋಕ್ ಮಾಡಲು ಒದಗುವ ಜಾತಿಯ ಕಲ್ಲಿದ್ದಲು, ಕರ್ನಾಟಕದಲ್ಲಿಲ್ಲ. ಅದು ಆಸ್ಟ್ರೇಲಿಯಾ ಮೊದಲಾದ ದೇಶಗಳಿಂದ ಹಡಗಿನಲ್ಲಿ ಮರ್ಮಗೋವಾಕ್ಕೆ ಬಂದಿಳಿಯುತ್ತದೆ. ಹೀಗೆ 1990ರ ದಶಕದಲ್ಲಿ ಬ್ರಾಡ್‌ಗೇಜಾದ ಬ್ರಗಾಂಜಾ ಘಾಟಿನಲ್ಲಿ ತುಂಬಿದ ರೇಕುಗಳು ಏರುತ್ತವೆ, ಖಾಲಿ ರೇಕುಗಳು ಇಳಿಯುತ್ತವೆ. ರೇಕ್ ಎಂದರೆ ಒಟ್ಟಿಗೆ ಸಾಗುವ ಐವತ್ತಕ್ಕೂ ಹೆಚ್ಚು ವ್ಯಾಗನ್‌ಗಳ ಸಾಲು. ಕಲ್ಲಿದ್ದಲು ತುಂಬಿದ ಇಂಥ ಒಂದು ರೇಕನ್ನು ಕ್ಯಾಸಲ್‌ರಾಕಿಗೆ ಮುಟ್ಟಿಸಲು ಮುಂದೆ ಎರಡು, ಹಿಂದೆ ಮೂರರಂತೆ ಐದು ಡೀಸೆಲ್ ಇಂಜಿನ್‌ಗಳವರೆಗೆ ಹಚ್ಚಬೇಕಾಗಿ ಬಂತು. ಇಳಿಯುವ ಹತ್ತಿಗಾಗಿ ಒಪ್ಪಿಕೊಂಡಿದ್ದ 37ಕ್ಕೆ 1ರ ಇಳಿಜಾರು ಏರುವ ಕಲ್ಲಿದ್ದಲಿಗೆ ದಿನದಿನದ ದಂಡವಾಗಿ ಪರಿಣಮಿಸಿತು.

ಈ ಒತ್ತಡಕ್ಕೆ ರೈಲ್ವೆ ಕಂಡುಕೊಂಡ ಪರಿಹಾರ ಜೋಡಿಹಳಿ. ಹೊಸಪೇಟೆಯಿಂದ ತಿನೈಘಾಟಿನ ಮೂಲಕ ವಾಸ್ಕೋವರೆಗೆ ಎರಡನೆಯ ಹಳಿ ಹಾಕುವ ಕೆಲಸ ಬಯಲಿನಲ್ಲಿ ಸಾಗಿತು; ಘಟ್ಟದಲ್ಲಿ ಮಾತ್ರ ಅದು ಒಂದು ಬದಿಯಲ್ಲಿ ಕಾಳಿ ಹುಲಿ ಸಂರಕ್ಷಿತ ಪ್ರದೇಶದ, ಇನ್ನೊಂದು ಬದಿಯಲ್ಲಿ ಭಗವಾನ್ ಮಹಾವೀರ ಅಭಯಾರಣ್ಯ ಮತ್ತು ಮೊಲ್ಲೆಂ ರಾಷ್ಟ್ರೀಯ ಉದ್ಯಾನದ ಕಾಡನ್ನು ಮುಟ್ಟಬೇಕಿತ್ತು. ಗೋವಾದಲ್ಲಿ, ವಿಶೇಷವಾಗಿ 2020ರಿಂದ, ಇದಕ್ಕೆ ಭಾರೀ ವಿರೋಧ ಎದ್ದಿತು. ತಮ್ಮ ಮನೆಗಳ ಪಕ್ಕದಲ್ಲೇ ಹಾಯುವ ಕಲ್ಲಿದ್ದಲಿನ ದೂಳು ಅಲ್ಲಿನ ಜನರ ದೂರಾಗಿದ್ದರೆ, ಕಾಡಿನ ನಾಶ ವಿಜ್ಞಾನಿಗಳ ಮತ್ತು ವಿದ್ಯಾರ್ಥಿಗಳ ದೂರಾಗಿತ್ತು. ಸುಪ್ರೀಂ ಕೋರ್ಟಿನ ಕೇಂದ್ರ ಉನ್ನತಾಧಿಕಾರ ಸಮಿತಿ 2021ರಲ್ಲಿ ಸಲ್ಲಿಸಿದ ವರದಿಯ ತಾತ್ಪರ್ಯವೆಂದರೆ, ಜಾಲದ ಅತ್ಯಂತ ಅಸಮರ್ಥ ತುಂಡೊಂದರ ಸಾಮರ್ಥ್ಯ ಅಲ್ಪಸ್ವಲ್ಪ ಹೆಚ್ಚುವುದಕ್ಕಾಗಿ ಇಷ್ಟು ಸೂಕ್ಷ್ಮವಾದ ಕಾಡನ್ನು ಬಲಿಕೊಡುವುದಕ್ಕೆ ಸಮರ್ಥನೆಯಿಲ್ಲ ಎಂಬುದು. ಎರಡನೆಯ ಹಳಿ ಹಾಕಿದರೂ ಏರು ಕಡಿಮೆಯಾಗುವುದಿಲ್ಲ, ಬ್ಯಾಂಕರ್ ತಪ್ಪುವುದಿಲ್ಲ. ಪೂರ್ವ ಕರಾವಳಿಯ ಬಂದರುಗಳಿಂದ ತೋರಣಗಲ್ಲಿಗೆ ಬರುವ ದಾರಿಯಲ್ಲಿ ಇಷ್ಟು ಕಡಿದಾದ ಏರಿಲ್ಲ. ಎಂಜಿನಿಯರಿಂಗಿನ ಈ ಸರಳ ವಾದ ಪರಿಸರದ ವಾದಕ್ಕಿಂತ ಕಡಿಮೆ ತೂಕದ್ದೇನೂ ಅಲ್ಲ.

ದಕ್ಷಿಣದ ಘಟ್ಟಕ್ಕೆ ನ್ಯಾಯಾಲಯದ ಬದಲು ಮಳೆಯೇ ಮಿತಿ ಹಾಕುತ್ತಿದೆ. 2018ರ ಆಗಸ್ಟಿನ ಮಳೆಗೆ ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವೆ ಹತ್ತಾರು ಕಡೆ ಗುಡ್ಡ ಕುಸಿದು ದಾರಿ ವಾರಗಟ್ಟಲೆ ಮುಚ್ಚಿತು, 2024ರ ಜುಲೈಯಲ್ಲಿ ಕಡಗರವಳ್ಳಿ–ಎಡಕುಮೇರಿ ನಡುವೆ ಹಳಿಯಡಿಯ ಮಣ್ಣು ಜಾರಿ ಮತ್ತೊಮ್ಮೆ ಸಂಚಾರ ನಿಂತಿತು. ಅತ್ತ 1860ರ ದಶಕದಿಂದ ಕಾದಿರುವ ಕಾರವಾರದ ಸೀಮೆಗೆ, 1990ರ ದಶಕದಲ್ಲಿ ಮಂಜೂರಾದ ಹುಬ್ಬಳ್ಳಿ–ಅಂಕೋಲಾ ಮಾರ್ಗ ಘಟ್ಟವನ್ನು ಇನ್ನೂ ಇಳಿದಿಲ್ಲ. ಬ್ರಗಾಂಜಾ ಘಾಟಿನ ಜೋಡಿಹಳಿಗೆ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ ಕೊಟ್ಟಿದ್ದ ಒಪ್ಪಿಗೆಯನ್ನು ಸುಪ್ರೀಂ ಕೋರ್ಟು 2022ರ ಮೇ ತಿಂಗಳಲ್ಲಿ ರದ್ದುಗೊಳಿಸಿತು.